‘ಸಿಂಪಿಯೂ ಸಿಂಪಿಯ ಒಕ್ಕಲುತನವೂ’: ಕಾರ್ಲ್ ಮೋಬಿಯಸನ ಗ್ರಂಥದ ವಿಮರ್ಶೆ

೧

ಜರ್ಮನಿಯ ಪ್ರಾಣಿಶಾಸ್ತ್ರಜ್ಞನಾದ ಕಾರ್ಲ್ ಆಗುಸ್ಟ್ ಮೋಬಿಯಸನು (೧೮೨೫–೧೯೦೮) ೧೮೭೭ರಲ್ಲಿ ಬರ್ಲಿನಿನಿಂದ ಪ್ರಕಟಿಸಿದ ಸಣ್ಣ ಗ್ರಂಥವೊಂದು ಇಂದು ಒಂದು ಶಬ್ದದ ಮೂಲಕವಾಗಿ ಮಾತ್ರ ಪ್ರಸಿದ್ಧವಾಗಿದೆ. ಗ್ರಂಥದ ಹೆಸರನ್ನು ಕನ್ನಡದಲ್ಲಿ ‘ಸಿಂಪಿಯೂ ಸಿಂಪಿಯ ಒಕ್ಕಲುತನವೂ’ ಎಂದು ಹೇಳಬಹುದು. ಶಬ್ದವು ‘ಬಯೋಸಿನೋಸಿಸ್’, ಒಂದು ನೆಲೆಯಲ್ಲಿ ಒಂದನ್ನೊಂದು ಅವಲಂಬಿಸಿ ಬಾಳುವ ಜೀವಿಗಳ ಕೂಟವೆಂದು ಅದರ ತಾತ್ಪರ್ಯ. ಜೀವಪರಿಸರಶಾಸ್ತ್ರದ ಅನೇಕ ಪಠ್ಯಗಳು ಈ ಶಬ್ದವನ್ನು ಹೇಳಿ, ಅದನ್ನು ಹುಟ್ಟಿಸಿದವನ ಹೆಸರನ್ನೂ ವರ್ಷವನ್ನೂ ಕೊಟ್ಟು ಮುಂದಕ್ಕೆ ಸಾಗುತ್ತವೆ. ಹೀಗೆ ಶಬ್ದವು ಗ್ರಂಥದಿಂದ ಬೇರ್ಪಟ್ಟು ಬಹುಕಾಲವಾಯಿತು. ಆ ಶಬ್ದವು ಯಾವ ವಾದದ ತುದಿಯಲ್ಲಿ, ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ನೋಡಿದರೆ ಅದು ಕೇವಲ ಪಾರಿಭಾಷಿಕ ಪದವಲ್ಲವೆಂದೂ, ಸಮುದ್ರದಿಂದ ಮನುಷ್ಯನು ಎಷ್ಟನ್ನು ಎತ್ತಿಕೊಳ್ಳಬಹುದು ಎಂಬ ವಿವಾದದಲ್ಲಿ ಕೊಟ್ಟ ತೀರ್ಪೆಂದೂ ಸ್ಪಷ್ಟವಾಗುತ್ತದೆ. ಪ್ರಕೃತ ವಿಮರ್ಶೆಯ ವಿಷಯ ಇದೇ.

ಈ ಮೋಬಿಯಸನು ಒಂದೇ ಮುಖವುಳ್ಳ ಪಟ್ಟಿಯಿಂದ ಖ್ಯಾತನಾದ ಗಣಿತಜ್ಞ ಮೋಬಿಯಸನಲ್ಲ. ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿದ್ದು, ಅನಂತರ ಬರ್ಲಿನಿನ ವಸ್ತುಸಂಗ್ರಹಾಲಯದ ಅಧಿಕಾರವನ್ನು ವಹಿಸಿದವನು. ಶ್ಲೇಸ್ವಿಗ್-ಹೋಲ್‌ಸ್ಟೈನ್ ಪ್ರಾಂತವು ೧೮೬೭ರಲ್ಲಿ ಪ್ರಷ್ಯಾ ರಾಜ್ಯಕ್ಕೆ ಸೇರಿದಾಗ ಅದರೊಡನೆ ಸಿಲ್ಟ್, ಆಮ್ರುಮ್ ಮೊದಲಾದ ದ್ವೀಪಗಳ ಸುತ್ತಣ ಸಿಂಪಿಹಾಸುಗಳೂ ಆ ರಾಜ್ಯದ ವಶಕ್ಕೆ ಬಂದವು. ಫ್ರಾನ್ಸಿನ ತೀರದಲ್ಲಿ ಕೃತಕವಾಗಿ ಸಿಂಪಿಗಳನ್ನು ಬೆಳೆಸುವ ಪ್ರಯತ್ನಗಳು ಆಗ ಯೂರೋಪಿನಲ್ಲೆಲ್ಲ ಹೆಸರುಮಾಡಿದ್ದವು. ಅಂತಹ ಬೆಳೆ ಉತ್ತರ ಜರ್ಮನಿಯ ತೀರದಲ್ಲಿಯೂ ಸಾಧ್ಯವೇ, ಈ ಹಾಸುಗಳಿಂದ ಇನ್ನೂ ಹೆಚ್ಚಿನ ಆದಾಯವನ್ನು ಪಡೆಯಬಹುದೇ ಎಂಬುದು ಸರಕಾರದ ಪ್ರಶ್ನೆ. ಮೋಬಿಯಸನು ಸ್ವದೇಶದ ಹಾಸುಗಳನ್ನು ಪರೀಕ್ಷಿಸಿ, ಫ್ರೆಂಚ್ ಮತ್ತು ಇಂಗ್ಲಿಷ್ ತೀರಗಳನ್ನು ಸುತ್ತಿ ಬಂದು, ೧೮೭೦ರಲ್ಲಿ ಒಂದು ವರದಿಯನ್ನೂ ೧೮೭೭ರಲ್ಲಿ ಈ ಗ್ರಂಥವನ್ನೂ ಬರೆದನು. ಸರಕಾರಕ್ಕೆ ಅವನು ಕೊಟ್ಟ ಉತ್ತರವು ಬಹುಮಟ್ಟಿಗೆ ‘ಆಗದು’ ಎಂಬುದು. ಅಧಿಕಾರಿಗಳು ಬಯಸದ ಉತ್ತರವನ್ನು ಅಧಿಕಾರಿಗಳಿಗೂ ಸಾಮಾನ್ಯ ಓದುಗರಿಗೂ ಒಪ್ಪಿಗೆಯಾಗುವಂತೆ ಹೇಳಬೇಕಾದ ಕಷ್ಟವೇ ಈ ಗ್ರಂಥಕ್ಕೆ ಅದರ ರೂಪವನ್ನು ಕೊಟ್ಟಿದೆ.

೨

ಮೊದಲು ಹೆಸರನ್ನೇ ವಿಚಾರಿಸತಕ್ಕದ್ದು. ಜರ್ಮನ್ ಹೆಸರಿನ ಉತ್ತರಾರ್ಧದಲ್ಲಿರುವ ‘ವಿರ್ಟ್‌ಶಾಫ್ಟ್’ ಎಂಬ ಪದವು ಆ ಭಾಷೆಯಲ್ಲಿ ಬೇಸಾಯಕ್ಕೂ ಅರಣ್ಯಪಾಲನೆಗೂ ಸೇರುವ ಪದ. ‘ವಿರ್ಟ್’ ಎಂದರೆ ಮನೆಯ ಯಜಮಾನ, ಅತಿಥಿಗಳನ್ನು ಕಾಣುವವನು. ಅವನ ಕೆಲಸವೇ ವಿರ್ಟ್‌ಶಾಫ್ಟ್. ಇರುವುದನ್ನು ಅರಿತು, ಬರುವುದನ್ನು ಎಣಿಸಿ, ಮುಂದಿನ ವರ್ಷಕ್ಕೆ ಉಳಿಸಿ ಮನೆ ನಡೆಸುವುದೆಂಬ ಭಾವವು ಆ ಪದದಲ್ಲಿ ಅಡಗಿದೆ. ಇದಕ್ಕೆ ‘ಉದ್ಯಮ’ವೆಂದರೆ ಹೆಚ್ಚಾಗುತ್ತದೆ, ‘ಕೃಷಿ’ಯೆಂದರೆ ಗ್ರಂಥಕರ್ತನು ನಿರಾಕರಿಸುವ ಕೃತಕ ಬೆಳೆಯನ್ನೇ ಹೇಳಿದಂತಾಗುತ್ತದೆ. ‘ಒಕ್ಕಲುತನ’ವೆಂಬ ಕನ್ನಡ ಮಾತಿನಲ್ಲಿ ನೆಲವೂ ಮನೆಯೂ ಒಟ್ಟಿಗೆ ಇರುವುದರಿಂದ ಅದು ಮೂಲಕ್ಕೆ ಹೆಚ್ಚು ಸಮೀಪವಾಗಿದೆ.

ಸಿಂಪಿಯನ್ನು ಒಕ್ಕಲುತನದ ಪಕ್ಕದಲ್ಲಿ ನಿಲ್ಲಿಸುವುದು ಎಷ್ಟು ದೊಡ್ಡ ಬದಲಾವಣೆಯೆಂಬುದು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ನೋಡಿದರೆ ತಿಳಿಯುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಹೊರತಂದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಶಂಖ, ಮುತ್ತು, ಹವಳಗಳ ಕಾರ್ಯವನ್ನು ವಜ್ರ, ಮಣಿ, ಕ್ಷಾರಗಳೊಡನೆ ಸೇರಿಸಿ ಖನ್ಯಧ್ಯಕ್ಷನಿಗೆ, ಎಂದರೆ ಗಣಿಗಳ ಅಧಿಕಾರಿಗೆ, ಒಪ್ಪಿಸಿದೆ. ಮೀನಿನ ಮಾತು ಬೇರೆ: ಮೀನುಗಾರರು ಹಿಡಿದುದರಲ್ಲಿ ಆರನೆಯ ಒಂದು ಭಾಗವನ್ನು ನಾವಧ್ಯಕ್ಷನಿಗೆ ಸಲ್ಲಿಸಬೇಕು, ಅಭಯವನಗಳಲ್ಲಿರುವ ಮೃಗಪಕ್ಷಿಗಳಿಗೆ ಹೇಗೋ ಹಾಗೆಯೇ ಅಲ್ಲಿಯ ಮೀನುಗಳಿಗೂ ಸೂನಾಧ್ಯಕ್ಷನ ರಕ್ಷಣೆಯುಂಟು. ಶಂಖಮುತ್ತುಗಳನ್ನು ತೆಗೆಯುವವರೂ ದೋಣಿಯ ಬಾಡಿಗೆಯನ್ನು ಕೊಡತಕ್ಕವರೇ. ಆದರೆ ಶಂಖಕ್ಕೂ ಸಿಂಪಿಗೂ ಅಭಯದ ಮಾತಿಲ್ಲ. ನೀರಿನಲ್ಲಿ ಓಡಾಡುವ ಮೀನು ಪ್ರಾಣಿಯಾಗಿ ಕಂಡಿತು. ನೆಲಕ್ಕೆ ಅಂಟಿ ಕಲ್ಲಿನಂತಿರುವ ಸಿಂಪಿ ಖನಿಜವಾಗಿ ಕಂಡಿತು. ಗಣಿಯಿಂದ ತೆಗೆದುದು ಮತ್ತೆ ಬೆಳೆಯುವುದಿಲ್ಲವಾದ ಕಾರಣ ಗಣಿಯಲ್ಲಿ ಉಳಿಸುವ ಪ್ರಶ್ನೆಯೇ ಇಲ್ಲ. ತೆಗೆಯುವ ಪ್ರಶ್ನೆ ಮಾತ್ರ ಉಂಟು.

ಸಂಸ್ಕೃತ ಕನ್ನಡ ಕಾವ್ಯಗಳ ಕವಿಸಮಯವೂ ಸಿಂಪಿಗೆ ಇದಕ್ಕಿಂತ ಹೆಚ್ಚಿನ ಜೀವವನ್ನು ಕೊಟ್ಟಿಲ್ಲ. ಸ್ವಾತಿಯ ಹನಿ ಸಿಂಪಿಯಲ್ಲಿ ಬಿದ್ದು ಮುತ್ತಾಗುವುದೆಂಬ ಕಲ್ಪನೆಯಲ್ಲಿ ಮಹಿಮೆಯು ಮುಗಿಲಿಗೂ ಮುತ್ತಿಗೂ ಸಲ್ಲುತ್ತದೆ. ಸಿಂಪಿ ನಡುವಣ ಪಾತ್ರೆ. ವೇದಾಂತಿಗಳ ದೃಷ್ಟಾಂತದಲ್ಲಿ ಶುಕ್ತಿಯು ರಜತವಾಗಿ ತೋರಿ ಮನುಷ್ಯನನ್ನು ಭ್ರಮೆಗೊಳಿಸುತ್ತದೆ. ಅಲ್ಲಿಯೂ ಶುಕ್ತಿಯೆಂದರೆ ಬರಿದಾದ ಚಿಪ್ಪು. ‘ಸಿಂಪಿ’, ‘ಚಿಪ್ಪು’ ಎಂಬ ಕನ್ನಡ ಮಾತುಗಳೂ ಒಳಗಣ ಪ್ರಾಣಿಗಿಂತ ಹೊರಗಣ ಕವಚವನ್ನೇ ಮೊದಲು ಹೇಳುತ್ತವೆ. ಯೂರೋಪಿನ ವ್ಯಾಪಾರಿಯ ಕಣ್ಣಿಗೂ ಸಿಂಪಿಯ ಹಾಸು ಬೆಳ್ಳಿಯಾಗಿಯೇ ತೋರಿತೆಂದು ಹೇಳಿದರೆ ತಪ್ಪಾಗದು. ಮೋಬಿಯಸನ ಗ್ರಂಥದ ಪೂರ್ವಭಾಗವೆಲ್ಲ ಈ ರಜತಭ್ರಮೆಯನ್ನು ಬಿಡಿಸಿ ಶುಕ್ತಿಯನ್ನು ಶುಕ್ತಿಯಾಗಿ ತೋರಿಸುವ ಕೆಲಸವನ್ನು ಮಾಡುತ್ತದೆ.

೩

ಗ್ರಂಥದ ಕ್ರಮವು ಸರಳವಾದುದು. ಹಾಸುಗಳು ಇರುವ ನೆಲೆ, ಅಲ್ಲಿ ಕಬ್ಬಿಣದ ಗೋರುಬಲೆಯನ್ನೆಳೆದು ಸಿಂಪಿಗಳನ್ನು ಎತ್ತುವ ರೀತಿ, ಒಂದು ಸಿಂಪಿಯ ದೇಹರಚನೆ, ಅದರ ಸಂತಾನ, ಮರಿಗಳ ಗತಿ, ಫ್ರಾನ್ಸಿನ ಕೃತಕ ಬೆಳೆ, ಅದು ಜರ್ಮನ್ ತೀರಕ್ಕೆ ಒಗ್ಗದಿರುವ ಕಾರಣ, ಕಡೆಗೆ ಹಾಸುಗಳ ಬಾಳಿಕೆ ಎಂಬ ಅನುಕ್ರಮದಲ್ಲಿ ವಿಷಯವು ಒಂದರಿಂದ ಹಲವಕ್ಕೆ ವಿಸ್ತರಿಸುತ್ತದೆ. ಯೂರೋಪಿನ ಸಿಂಪಿಯು ತನ್ನ ಮೊಟ್ಟೆಗಳನ್ನು ಚಿಪ್ಪಿನೊಳಗೇ ಧರಿಸಿ, ಮರಿಗಳಾದ ಮೇಲೆ ನೀರಿಗೆ ಬಿಡುತ್ತದೆ. ಆ ಮರಿಗಳು ಕೆಲವು ದಿನ ತೇಲಿ, ಶುದ್ಧವಾದ ಗಟ್ಟಿ ಆಸರೆ ಸಿಕ್ಕಿದರೆ ಅಂಟಿಕೊಂಡು ಮುಂದೆ ಎಂದೂ ಕದಲವು; ಮರಳಿನ ಮೇಲೋ ಕೆಸರಿನ ಮೇಲೋ ಬಿದ್ದರೆ ಸಾಯುತ್ತವೆ. ಹಳೆಯ ಸಿಂಪಿಗಳ ಚಿಪ್ಪುಗಳೇ ಹೊಸ ಸಿಂಪಿಗಳಿಗೆ ನೆಲವಾಗುವುದರಿಂದ, ಒಂದು ತಲೆಮಾರನ್ನು ಪೂರ್ತಿಯಾಗಿ ಎತ್ತಿದರೆ ಮುಂದಿನ ತಲೆಮಾರಿಗೆ ನೆಲವೇ ಇಲ್ಲದಂತಾಗುತ್ತದೆ.

ಗ್ರಂಥದ ವಾದಕ್ಕೆ ತಳಹದಿಯಾದುದು ಒಂದು ಲೆಕ್ಕ. ಬೆಳೆದ ಸಿಂಪಿಯೊಂದು ಒಮ್ಮೆಗೆ ಸುಮಾರು ಹತ್ತು ಲಕ್ಷ ಮರಿಗಳನ್ನು ಹಾಕುತ್ತದೆ. ಇದನ್ನು ಕೇಳಿದವರೆಲ್ಲ ಸಿಂಪಿಯ ಸಂಪತ್ತು ಅಕ್ಷಯವೆಂದೇ ತಿಳಿಯುತ್ತಾರೆ. ಮೋಬಿಯಸನು ಅದೇ ಸಂಖ್ಯೆಯನ್ನು ತಿರುಗಿಸಿ ಹಿಡಿಯುತ್ತಾನೆ. ಶ್ಲೇಸ್ವಿಗ್-ಹೋಲ್‌ಸ್ಟೈನಿನ ಹಾಸುಗಳಲ್ಲಿ ಬಹುಕಾಲ ನಡೆದ ಸರಕಾರಿ ತಪಾಸಣೆಗಳ ಸರಾಸರಿಯಂತೆ ಪೂರ್ತಿ ಬೆಳೆದ ೧೦೦೦ ಸಿಂಪಿಗಳಿಗೆ ಅರೆಬೆಳೆದವು ೪೨೧ ಮಾತ್ರ. ಸಾವಿರದಲ್ಲಿ ೪೪೦ ಸಿಂಪಿಗಳು ಒಂದು ಬೇಸಗೆಯಲ್ಲಿ ಸಂತಾನವನ್ನು ಪಡೆದರೂ ೪೪ ಕೋಟಿ ಮರಿಗಳಾಗುತ್ತವೆ. ಆ ೪೪ ಕೋಟಿಯಲ್ಲಿ ಉಳಿದು ಬರುವುದು ೪೨೧. ಎಂದರೆ ಸುಮಾರು ೧೦,೪೫,೦೦೦ ಮರಿಗಳಿಗೆ ಒಂದು. ಸಂತಾನದ ಬಾಹುಳ್ಯವು ಸಮೃದ್ಧಿಯ ಗುರುತಲ್ಲ, ಮರಣದ ಅಳತೆ ಎಂಬುದು ಈ ಲೆಕ್ಕದಿಂದ ಸಿದ್ಧವಾಗುವ ಸಿದ್ಧಾಂತ. ಅಷ್ಟು ಮರಿಗಳನ್ನು ಹಾಕಿದರೆ ಮಾತ್ರ ಜಾತಿ ಉಳಿಯುವುದೆಂದಾದ ಮೇಲೆ, ಮರಿಹಾಕುವ ಸಿಂಪಿಗಳನ್ನು ಕಡಮೆಮಾಡುವವನು ಜಾತಿಯ ಬುಡಕ್ಕೇ ಕೈಹಾಕಿದಂತಾಗುತ್ತದೆ.

ಈ ಲೆಕ್ಕದಲ್ಲಿ ಒಂದು ದೋಷವನ್ನು ತೋರಿಸಬಹುದು. ಅರೆಬೆಳೆದ ೪೨೧ ಸಿಂಪಿಗಳು ಒಂದೇ ಬೇಸಗೆಯ ಸಂತಾನವೆಂದು ಹೇಳಲಾಗದು. ಸಿಂಪಿಯು ಪೂರ್ತಿ ಬೆಳೆಯುವುದಕ್ಕೆ ಹಲವು ವರ್ಷಗಳು ಬೇಕಾದುದರಿಂದ ಆ ಗುಂಪಿನಲ್ಲಿ ಹಲವು ವರ್ಷಗಳ ಸಂತಾನವು ಕಲೆತಿರಬೇಕು. ಒಂದು ವರ್ಷದ ಮರಿಗಳನ್ನು ಹಲವು ವರ್ಷಗಳ ಉಳಿಕೆಯೊಡನೆ ತೂಗುವುದು ತರ್ಕಕ್ಕೆ ಸರಿಯಲ್ಲ. ಆದರೆ ಈ ದೋಷವನ್ನು ತಿದ್ದಿದಷ್ಟೂ ಒಂದು ವರ್ಷದ ಮರಿಗಳಲ್ಲಿ ಉಳಿದವುಗಳ ಸಂಖ್ಯೆ ಕುಗ್ಗುವುದೇ ಹೊರತು ಹಿಗ್ಗುವುದಿಲ್ಲ. ಆದಕಾರಣ ದೋಷವು ಸಿದ್ಧಾಂತವನ್ನು ಕೆಡಿಸದೆ ಅದನ್ನು ಇನ್ನೂ ಗಟ್ಟಿಗೊಳಿಸುತ್ತದೆ. ಮೋಬಿಯಸನ ಬರೆವಣಿಗೆಯ ಗುಣವೂ ಇಲ್ಲಿ ಕಾಣುತ್ತದೆ: ಅವನು ಸಂಖ್ಯೆಗಳನ್ನು ಬೆರಗುಗೊಳಿಸುವುದಕ್ಕೆಂದು ಪೇರಿಸದೆ, ಒಂದು ಸಂಖ್ಯೆಯಿಂದ ಹುಟ್ಟಿದ ಭ್ರಮೆಯನ್ನು ಇನ್ನೊಂದು ಸಂಖ್ಯೆಯಿಂದ ಕಳೆಯುತ್ತಾನೆ.

೪

ಇಷ್ಟು ಸಿದ್ಧತೆಯಾದ ಮೇಲೆ ಹತ್ತನೆಯ ಅಧ್ಯಾಯವು ಬರುತ್ತದೆ. ಸಿಂಪಿಯ ಹಾಸು ಒಂದು ಬಯೋಸಿನೋಸಿಸ್, ಒಂದು ‘ಲೇಬೆನ್ಸ್‌ಗೆಮೈಂಡೆ’ ಎಂಬುದು ಅದರ ಪ್ರತಿಜ್ಞೆ. ಹಾಸಿನಲ್ಲಿ ಸಿಂಪಿ ಒಂದೇ ಇಲ್ಲ. ಏಡಿ, ನಕ್ಷತ್ರಮೀನು, ಹುಳು, ಸ್ಪಂಜು, ನೀಳಚಿಪ್ಪು ಮೊದಲಾದವೆಲ್ಲ ಅಲ್ಲಿ ಬಾಳುತ್ತವೆ. ನೆಲ, ನೀರಿನ ಉಪ್ಪು, ಶಾಖ, ಆಹಾರ ಇವುಗಳಿಗೆ ತಕ್ಕಂತೆ ಅವುಗಳ ಸಂಖ್ಯೆಗಳು ಒಂದು ಪ್ರಮಾಣಕ್ಕೆ ಬಂದು ನಿಂತಿರುತ್ತವೆ. ಯಾವ ಒಂದು ಅಂಗವನ್ನು ಕದಲಿಸಿದರೂ ಉಳಿದವೆಲ್ಲ ತಮ್ಮ ಸ್ಥಾನವನ್ನು ಬದಲಿಸಬೇಕಾಗುತ್ತದೆ. ಇದಕ್ಕೆ ಫ್ರಾನ್ಸಿನ ಪಶ್ಚಿಮ ತೀರವೇ ಸಾಕ್ಷಿ. ರಾಷ್‌ಫೋರ್, ಮಾರೆನ್, ಒಲೆರಾನ್ ಕಡೆಗಳಲ್ಲಿ ಸಿಂಪಿಗಳನ್ನು ಮಿತಿಮೀರಿ ಗೋರಿದಾಗ ತೆರವಾದ ಸ್ಥಳವು ತೆರವಾಗಿ ಉಳಿಯಲಿಲ್ಲ. ನೀಳಚಿಪ್ಪುಗಳೂ ಗುಂಡುಚಿಪ್ಪುಗಳೂ ಬಂದು ಅದನ್ನು ತುಂಬಿದವು. ಸಮುದ್ರದಲ್ಲಿ ತೆಗೆದುದು ಮತ್ತೆ ತಾನಾಗಿಯೇ ತುಂಬಿಕೊಳ್ಳುವುದು ನಿಜವೇ. ಆದರೆ ತುಂಬಿಕೊಂಡುದು ತೆಗೆದುದೇ ಆಗಿರಬೇಕೆಂದಿಲ್ಲ.

‘ಗೆಮೈಂಡೆ’ ಎಂಬ ಪದದ ಆಯ್ಕೆ ಇಲ್ಲಿ ವಿಚಾರಾರ್ಹ. ಆಡುಮಾತಿನಲ್ಲಿ ಅದು ಹಳ್ಳಿಯ ಸಮುದಾಯಕ್ಕೂ ಒಂದು ಚರ್ಚಿಗೆ ಸೇರಿದ ಭಕ್ತರ ಕೂಟಕ್ಕೂ ಸಲ್ಲುವ ಹೆಸರು. ಸಂಘ, ರಾಜ್ಯ, ಗುಂಪು ಎಂಬರ್ಥದ ಬೇರೆ ಪದಗಳು ಜರ್ಮನ್ ಭಾಷೆಯಲ್ಲಿ ಇದ್ದೇ ಇವೆ. ಅವುಗಳನ್ನು ಬಿಟ್ಟು ಗ್ರಂಥಕರ್ತನು ಈ ಹಳ್ಳಿಯ ಮಾತನ್ನು ಆರಿಸಿಕೊಂಡಿದ್ದಾನೆ. ಹಳ್ಳಿಯಲ್ಲಿ ಎಲ್ಲರೂ ಸ್ನೇಹಿತರಲ್ಲ. ಸಾಲಿಗನೂ ಇರುತ್ತಾನೆ, ಕಳ್ಳನೂ ಇರುತ್ತಾನೆ. ಆದರೂ ಒಬ್ಬನ ಬಾಳು ಇನ್ನೊಬ್ಬನ ಬಾಳಿಗೆ ಹೊಂದಿಕೊಂಡಿರುತ್ತದೆ. ನಕ್ಷತ್ರಮೀನು ಸಿಂಪಿಯನ್ನು ತಿನ್ನುತ್ತದೆ, ಸ್ಪಂಜು ಚಿಪ್ಪನ್ನು ಕೊರೆಯುತ್ತದೆ. ಅವೂ ಆ ಹಳ್ಳಿಯವೇ. ಈ ರೂಪಕದಲ್ಲಿ ಭಾವುಕತೆಯ ಲೇಶವೂ ಇಲ್ಲ.

೧೮೮೩ರಲ್ಲಿ ಅಮೆರಿಕದ ಮೀನುಗಾರಿಕೆಯ ಆಯೋಗವು ತನ್ನ ವರದಿಯ ಸಂಪುಟದಲ್ಲಿ ಈ ಗ್ರಂಥದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು, ಅನುವಾದಕನು ಎಚ್. ಜೆ. ರೈಸ್. ಇಂಗ್ಲಿಷ್ ಓದುಗರಿಗೆ ಮೋಬಿಯಸನು ದೊರೆತುದು ಈ ಅನುವಾದದಿಂದಲೇ ಆದಕಾರಣ ರೈಸನ ಉಪಕಾರವು ಸಣ್ಣದಲ್ಲ. ಆದರೆ ಅವನು ‘ಲೇಬೆನ್ಸ್‌ಗೆಮೈಂಡೆ’ ಎಂಬುದನ್ನು ‘ಸಾಮಾಜಿಕ ಸಮುದಾಯ’ ಎಂಬರ್ಥದ ಮಾತುಗಳಿಂದ ಅನುವಾದಿಸಿದನು. ‘ಲೇಬೆನ್’ ಎಂದರೆ ಬಾಳು. ಬಾಳಿನ ಜಾಗದಲ್ಲಿ ಸಮಾಜ ಬಂದುದರಿಂದ, ಪರಸ್ಪರ ತಿನ್ನುವ ಜೀವಿಗಳ ಕಠಿಣವಾದ ಹೊಂದಾಣಿಕೆಯು ಜೇನುಹುಳುಗಳ ಸಹಕಾರದಂತೆ ತೋರುವುದಕ್ಕೆ ಅವಕಾಶವಾಯಿತು. ಮೂಲದಲ್ಲಿ ವಾದವಾಗಿದ್ದುದು ಅನುವಾದದಲ್ಲಿ ಅಲಂಕಾರವಾಗಿ ಕಾಣುತ್ತದೆ.

ಕನ್ನಡದಲ್ಲಿ ಇದಕ್ಕೆ ‘ಜೀವಿಸಮುದಾಯ’ವೆಂಬ ಪದವು ಪಠ್ಯಪುಸ್ತಕಗಳಲ್ಲಿ ನಡೆಯುತ್ತಿದೆ. ಅದು ಶುದ್ಧವಾದ ಪದ. ಆದರೆ ‘ಸಮುದಾಯ’ವು ರಾಶಿಯನ್ನು ಹೇಳುವಷ್ಟು ಬಲವಾಗಿ ನೆಲೆಯನ್ನು ಹೇಳುವುದಿಲ್ಲ. ಗ್ರಂಥದ ಹೆಸರಿಗೆ ಒದಗಿದ ‘ಒಕ್ಕಲು’ ಇಲ್ಲಿಯೂ ಒದಗುತ್ತದೆ. ಒಕ್ಕಲೆಂದರೆ ಮನೆ, ಮನೆಯವರು, ಊರಿನಲ್ಲಿ ನೆಲಸಿದವರು, ನೆಲವನ್ನು ಗೇಯುವವರು. ಒಂದು ದೇವರಿಗೋ ಮಠಕ್ಕೋ ನಡೆದುಕೊಳ್ಳುವ ಮನೆತನದವರೂ ಆ ದೇವರ ಒಕ್ಕಲೇ. ಹಳ್ಳಿಯವರು, ಭಕ್ತರು ಎಂಬ ಗೆಮೈಂಡೆಯ ಎರಡು ಅರ್ಥಗಳೂ ಈ ಒಂದು ಪದದಲ್ಲಿವೆ. ‘ಜೀವದೊಕ್ಕಲು’ ಎಂದರೆ ಮೂಲದ ಧ್ವನಿಯು ಬಹುಮಟ್ಟಿಗೆ ಉಳಿಯುತ್ತದೆ. ಒಕ್ಕಲೆಂದೊಡನೆ ಒಡೆಯನೊಬ್ಬನು ನೆನಪಿಗೆ ಬರುವನು, ಗೆಮೈಂಡೆಯಲ್ಲಿ ಆ ಭಾವವಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಆದರೆ ೧೫೮೭ರಲ್ಲಿ ಡೆನ್ಮಾರ್ಕಿನ ಎರಡನೆಯ ಫ್ರೆಡರಿಕ್ ದೊರೆಯು ರಾಜಸ್ವವೆಂದು ಸಾರಿದಂದಿನಿಂದ ಈ ಹಾಸುಗಳಿಗೆ ಒಡೆಯನಿದ್ದೇ ಇದ್ದನು. ಪ್ರಶ್ನೆ ಕೇಳಿದವನೂ ಆ ಒಡೆತನವನ್ನು ಪಡೆದ ಸರಕಾರವೇ. ಅಲ್ಲದೆ ಈ ಪದದಿಂದ ‘ಒಕ್ಕಲೆಬ್ಬಿಸು’ ಎಂಬ ಕ್ರಿಯೆಯೂ ದೊರೆಯುತ್ತದೆ. ಗೋರುಬಲೆಯು ಸಿಂಪಿಗಳನ್ನು ಎಣಿಕೆಯಲ್ಲಿ ಕಡಮೆಮಾಡುವುದಷ್ಟೇ ಅಲ್ಲ, ಅವುಗಳನ್ನು ಒಕ್ಕಲೆಬ್ಬಿಸುತ್ತದೆ ಎಂದರೆ ಹತ್ತನೆಯ ಅಧ್ಯಾಯದ ಸಾರವು ಒಂದೇ ಮಾತಿನಲ್ಲಿ ಬಂದಂತಾಯಿತು.

೫

ಮೋಬಿಯಸನ ರೂಪಕದ ಬೆಲೆಯು ಸಮಕಾಲೀನರ ರೂಪಕಗಳೊಡನೆ ಹೋಲಿಸಿದಾಗ ಗೊತ್ತಾಗುತ್ತದೆ. ಫ್ರಾನ್ಸಿನ ವಿಕ್ತೋರ್ ಕೊಸ್ತನು (೧೮೦೭–೧೮೭೩) ಇಟಲಿಯ ಫುಸಾರೋ ಸರೋವರದಲ್ಲಿ ಸಿಂಪಿ ಬೆಳೆಸುವ ಹಳೆಯ ಪದ್ಧತಿಯನ್ನು ಕಂಡು, ಮೂರನೆಯ ನೆಪೋಲಿಯನ್ನನ ಆಶ್ರಯದಲ್ಲಿ ೧೮೫೮ರಲ್ಲಿ ಸೇಂಟ್ ಬ್ರಿಯೆ ಕೊಲ್ಲಿಯಲ್ಲಿ ತಾಯಿಸಿಂಪಿಗಳನ್ನೂ ಕಟ್ಟಿಗೆಯ ಕಟ್ಟುಗಳನ್ನೂ ಇಳಿಸಿದನು. ಅವನ ಕಣ್ಣಿಗೆ ಸಮುದ್ರವು ಬಿತ್ತದೆ ಬಿಟ್ಟ ಹೊಲ. ಮೊದಲ ವರ್ಷಗಳ ಸಂಭ್ರಮವು ಮುಗಿದ ಮೇಲೆ ಸೇಂಟ್ ಬ್ರಿಯೆಯ ಪ್ರಯೋಗವು ವಿಫಲವಾಯಿತು. ಆರ್ಕಶೋನ್ ಕೊಲ್ಲಿಯಲ್ಲಿ ಸುಣ್ಣ ಬಳಿದ ಹೆಂಚುಗಳ ಮೇಲೆ ಮರಿಗಳನ್ನು ಹಿಡಿಯುವ ಪದ್ಧತಿ ಮಾತ್ರ ಸಫಲವಾಯಿತು. ಆರ್ಕಶೋನ್ ನೆಲದಿಂದ ಸುತ್ತುವರಿದ ಶಾಂತವಾದ ಕೊಲ್ಲಿ; ಉತ್ತರ ಜರ್ಮನಿಯ ತೀರದಲ್ಲಿ ಮರಳು ಸರಿಯುತ್ತದೆ, ಭರತವು ರಭಸವಾದುದು, ಚಳಿಗಾಲದಲ್ಲಿ ಮಂಜುಗಡ್ಡೆ ತೇಲಿಬರುತ್ತದೆ. ಒಂದು ನೆಲೆಯಲ್ಲಿ ಸಂದುದು ಮತ್ತೊಂದರಲ್ಲಿ ಸಲ್ಲದೆಂಬ ಮೋಬಿಯಸನ ವಾದಕ್ಕೆ ಹೊಲದ ರೂಪಕವು ಅಡ್ಡಿಯಾಗಿದ್ದುದರಿಂದಲೇ ಅವನಿಗೆ ಬೇರೊಂದು ರೂಪಕವು ಬೇಕಾಯಿತು.

ಇಂಗ್ಲೆಂಡಿನ ಟಿ. ಎಚ್. ಹಕ್ಸ್‌ಲಿಯು ೧೮೬೩ರಲ್ಲಿ ನೇಮಿತವಾದ ಸಮುದ್ರಮೀನುಗಾರಿಕೆಯ ರಾಜಾಯೋಗದ ಸದಸ್ಯನು. ಆ ಆಯೋಗವು ೧೮೬೬ರಲ್ಲಿ ನಿರ್ಬಂಧಗಳನ್ನು ತೆಗೆದುಹಾಕಬೇಕೆಂದು ಹೇಳಿತು. ೧೮೬೮ರ ಶಾಸನವು ಆ ದಾರಿಯಲ್ಲಿ ನಡೆಯಿತು. ದೊಡ್ಡ ಸಮುದ್ರಮೀನುಗಾರಿಕೆಗಳು ಬತ್ತುವಂತಹವಲ್ಲವೆಂದು ೧೮೮೩ರ ಲಂಡನ್ ಪ್ರದರ್ಶನದಲ್ಲಿ ಅವನು ಆಡಿದ ಮಾತು ಪದೇ ಪದೇ ಉದ್ಧೃತವಾಗುತ್ತದೆ. ಸಿಂಪಿಯ ಹಾಸುಗಳನ್ನು ಅವನು ಅದೇ ಭಾಷಣದಲ್ಲಿ ಬೇರೆಯಾಗಿಟ್ಟು, ಅವು ಬರಿದಾಗಬಲ್ಲವೆಂದು ಒಪ್ಪಿದ್ದನೆಂಬುದನ್ನು ಉದ್ಧರಿಸುವವರು ಮರೆಯುವುದುಂಟು. ಅದೇ ವರ್ಷ ಸಿಂಪಿಯ ವಿಷಯವಾಗಿಯೇ ಮಾಡಿದ ಇನ್ನೊಂದು ಉಪನ್ಯಾಸದಲ್ಲಿ, ವರ್ಷದ ಕೆಲವು ತಿಂಗಳು ಹಿಡಿಯಬಾರದೆಂಬ ನಿಯಮದಿಂದ ಪ್ರಯೋಜನವಿಲ್ಲ, ಸಿಂಪಿಯನ್ನು ಬೆಳೆಸುವುದರಲ್ಲಿಯೇ ಭರವಸೆ ಎಂದು ಅವನು ವಾದಿಸಿದನು. ಹಕ್ಸ್‌ಲಿಯ ಗದ್ಯವು ಮೋಬಿಯಸನದಕ್ಕಿಂತ ಬಹಳ ಚುರುಕಾದುದು, ಅವನ ವಾದದಲ್ಲಿ ಸತ್ಯಾಂಶವೂ ಉಂಟು: ತಿಂಗಳ ನಿಯಮವೊಂದೇ ಹಾಸನ್ನು ಕಾಯಲಾರದು. ಆದರೆ ಅವನು ಸಿಂಪಿಯನ್ನು ಎಣಿಸಿದನೇ ಹೊರತು ಹಾಸನ್ನು ಎಣಿಸಲಿಲ್ಲ.

ಅಮೆರಿಕದ ವಿಲಿಯಂ ಕೀತ್ ಬ್ರೂಕ್ಸನು (೧೮೪೮–೧೯೦೮) ಇವರಿಬ್ಬರ ನಡುವೆ ನಿಲ್ಲುತ್ತಾನೆ. ಅಮೆರಿಕದ ಸಿಂಪಿಯ ಮೊಟ್ಟೆಗಳು ತಾಯಿಯ ಚಿಪ್ಪಿನ ಹೊರಗೆ ತೆರೆದ ನೀರಿನಲ್ಲಿ ಫಲಿಸುತ್ತವೆಂದು ಕಂಡುಹಿಡಿದವನು ಅವನು. ಚೆಸಪೀಕ್ ಕೊಲ್ಲಿಯಲ್ಲಿ ಮೇರಿಲೆಂಡಿನವರು ೧೮೮೪–೮೫ರ ಹಂಗಾಮಿನಲ್ಲಿ ಸುಮಾರು ಒಂದೂವರೆ ಕೋಟಿ ಬುಷೆಲ್ ಸಿಂಪಿಯನ್ನು ಎತ್ತಿದರು. ಅಲ್ಲಿಂದ ಮುಂದೆ ಇಳಿತವೇ. ೧೮೯೧ರಲ್ಲಿ ಬ್ರೂಕ್ಸನು ಬರೆದ ‘ಸಿಂಪಿ’ ಎಂಬ ಪುಸ್ತಕವು ಜನಸಾಮಾನ್ಯರಿಗಾಗಿ ಬರೆದುದು. ಶೈಲಿಯಲ್ಲಿ ಈ ನಾಲ್ವರಲ್ಲಿ ಅವನದೇ ಮೇಲು. ಎಲ್ಲರಿಗೂ ಸೇರಿದ ಹಾಸು ಯಾರಿಗೂ ಸೇರದಂತಾಗುತ್ತದೆ, ಬರಿದಾದ ತಳವನ್ನು ಗುತ್ತಿಗೆಗೆ ಕೊಟ್ಟು ಬೆಳೆಸುವವನಿಗೆ ಬೆಳೆಯನ್ನು ಬಿಡಬೇಕು ಎಂಬುದು ಅವನ ಸಲಹೆ. ಸಿಂಪಿ ಎತ್ತುವವರು ಅದನ್ನು ಬಲವಾಗಿ ವಿರೋಧಿಸಿದರು. ಗುತ್ತಿಗೆಯು ಸಿರಿವಂತರ ಪಾಲಾಗುವುದೆಂಬ ಭಯವು ಅವರಿಗೆ ಸಹಜವಾಗಿತ್ತು. ಕೊಸ್ತನ ಹೊಲವು ಬ್ರೂಕ್ಸನಲ್ಲಿ ಹಕ್ಕುಪತ್ರವುಳ್ಳ ತೋಟವಾಯಿತು.

ಗಣಿಗೆ ತೆರಿಗೆ ಸಾಕು; ಹೊಲಕ್ಕೆ ಬೀಜ ಬೇಕು; ತೋಟಕ್ಕೆ ಬೇಲಿ ಬೇಕು; ಒಕ್ಕಲಿಗೆ ಎಲ್ಲೆ ಬೇಕು. ಸಿಂಪಿಯನ್ನು ಯಾವ ಹೆಸರಿನಿಂದ ಕರೆದರೋ ಅದಕ್ಕೆ ತಕ್ಕ ಶಾಸನವು ಹಿಂದೆಯೇ ಬಂದಿತು. ಮೋಬಿಯಸನು ಕೊನೆಯಲ್ಲಿ ಸಿಂಪಿಹಾಸುಗಳ ರಕ್ಷಣೆಯನ್ನು ಕಾಡುಗಳ ರಕ್ಷಣೆಗೆ ಹೋಲಿಸಿ, ಎರಡೂ ಸಮಾನವಾಗಿ ರಾಜ್ಯನೀತಿಗೆ ಸೇರಿದ ವಿಷಯಗಳೆಂದು ಹೇಳುತ್ತಾನೆ. ಸರಕಾರವು ಆದಾಯವನ್ನು ಕೇಳಿತ್ತು. ಅವನು ಮಿತಿಯನ್ನು ಹೇಳಿದನು. ರೈಲುದಾರಿಗಳು ಸಿಂಪಿಯ ಪೇಟೆಯನ್ನು ಒಳನಾಡಿಗೆಲ್ಲ ಹರಡಿ ಬೇಡಿಕೆಯನ್ನು ಬೆಳೆಸಿದುದನ್ನು ಅವನು ಗುರುತಿಸಿದ್ದನು. ಬೇಡಿಕೆ ಬೆಳೆದಂತೆ ಹಾಸು ಬೆಳೆಯದೆಂಬ ಅವನ ವಿವೇಕವು ಇಂದಿಗೂ ಹಳತಾಗಿಲ್ಲ.

೬

ಆದರೂ ಗ್ರಂಥದಲ್ಲಿ ಒಂದು ದೊಡ್ಡ ಕೊರತೆಯಿದೆ.

ಏಡಿಗೂ ನಕ್ಷತ್ರಮೀನಿಗೂ ಜೀವದೊಕ್ಕಲಿನಲ್ಲಿ ಜಾಗವನ್ನು ಕೊಟ್ಟ ಗ್ರಂಥಕರ್ತನು ಗೋರುಬಲೆಯನ್ನೆಳೆಯುವ ದ್ವೀಪವಾಸಿಗೆ ಅಲ್ಲಿ ಜಾಗವನ್ನು ಕೊಟ್ಟಿಲ್ಲ. ಮನುಷ್ಯನು ಆ ಪುಟಗಳಲ್ಲಿ ಮುಖ್ಯವಾಗಿ ಹಾಸನ್ನು ಕದಲಿಸುವ ಶಕ್ತಿಯಾಗಿ, ಸಿಂಪಿಯನ್ನು ಉಣ್ಣುವವನಾಗಿ, ಹಾಸಿನ ಒಡೆಯನಾಗಿ ಬರುತ್ತಾನೆ. ಗೆಮೈಂಡೆಯೆಂಬ ಪದವನ್ನು ಹಳ್ಳಿಯಿಂದಲೇ ತಂದು ನೀರಿನಡಿಯಲ್ಲಿಟ್ಟ ಮೇಲೆ, ನೀರಿನ ಮೇಲಣ ಹಳ್ಳಿಯು ಕಣ್ಮರೆಯಾದುದು ವಿಚಿತ್ರ. ಮಿತಿಯನ್ನು ಹಾಕತಕ್ಕದ್ದು ರಾಜ್ಯ. ಆದರೆ ಹಾಸಿನಿಂದ ಹಣವನ್ನು ಎಣಿಸುವುದೂ ರಾಜ್ಯವೇ. ಎರಡೂ ಒಂದೇ ಕೈಯಲ್ಲಿದ್ದಾಗ ಯಾವುದು ಗೆಲ್ಲುವುದೆಂಬ ಪ್ರಶ್ನೆಯನ್ನು ಅವನು ಎತ್ತಿದವನಲ್ಲ. ಗ್ರಂಥವನ್ನು ಬರೆಯಿಸಿದ ಸರಕಾರವನ್ನು ಗ್ರಂಥದೊಳಗೆ ಪರೀಕ್ಷಿಸುವ ಸ್ವಾತಂತ್ರ್ಯವು ಅವನಿಗಿರಲಿಲ್ಲವೆನ್ನಬಹುದು. ಆದರೂ ಕೊರತೆಯು ಕೊರತೆಯೇ.

ಇತಿಹಾಸವು ಆ ಕೊರತೆಯ ಬೆಲೆಯನ್ನು ತೋರಿಸಿದೆ. ಬಯೋಸಿನೋಸಿಸ್ ಎಂಬ ಶಬ್ದಕ್ಕೆ ಜನ್ಮಭೂಮಿಯಾದ ಹಾಸುಗಳು ಆ ಶಬ್ದದಿಂದ ಉಳಿಯಲಿಲ್ಲ. ಮಿತಿಮೀರಿದ ಗೋರಿಕೆಯೇ ಮುಖ್ಯಕಾರಣವಾಗಿ, ಇಪ್ಪತ್ತನೆಯ ಶತಮಾನದ ಮಧ್ಯದ ವೇಳೆಗೆ ಸಿಲ್ಟ್ ದ್ವೀಪದ ಸುತ್ತಣ ದೇಶೀಯ ಸಿಂಪಿಯು ಇಲ್ಲವಾಯಿತು. ೧೯೮೬ರಲ್ಲಿ ಅದೇ ದ್ವೀಪದಲ್ಲಿ ಪೆಸಿಫಿಕ್ ಸಾಗರದ ಸಿಂಪಿಯನ್ನು ಬೆಳೆಸತೊಡಗಿದರು. ಅದು ಬೇಲಿಯನ್ನು ದಾಟಿ ಹೊರಗೆ ಹರಡಿ, ನೀಳಚಿಪ್ಪಿನ ಹಾಸುಗಳ ಮೇಲೆ ನೆಲಸಿತು. ತೆರವಾದ ನೆಲೆಗೆ ಬೇರೆ ಒಕ್ಕಲು ಬರುವುದೆಂದು ೧೮೭೭ರಲ್ಲಿ ಫ್ರಾನ್ಸಿನ ವಿಷಯವಾಗಿ ಹೇಳಿದ ಮಾತು ಗ್ರಂಥಕರ್ತನ ಮನೆಯಂಗಳದಲ್ಲಿಯೇ ನಿಜವಾಯಿತು. ಶಾಸ್ತ್ರವು ಸರಿಯಾಗಿತ್ತು, ಶಾಸ್ತ್ರವನ್ನು ನಡೆಯಿಸತಕ್ಕ ಕೂಟವೊಂದು ತೀರದಲ್ಲಿ ಇರಲಿಲ್ಲ.

ಅಂತಹ ಕೂಟವು ಅಸಾಧ್ಯವಲ್ಲವೆಂಬುದಕ್ಕೆ ಭಾರತದ ಪಶ್ಚಿಮ ತೀರದಲ್ಲಿಯೇ ಒಂದು ನಿದರ್ಶನವಿದೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪುಮೀನಿನ ವ್ಯಾಪಾರವು ೧೯೮೦ರ ಅನಂತರ ಬಿರುಸಾಗಿ ಬೆಳೆದು, ೧೯೯೦ರ ದಶಕದ ಆದಿಯಲ್ಲಿ ತಟ್ಟನೆ ಕುಸಿಯಿತು. ಆ ಮೇಲೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಎತ್ತಬಾರದು, ಬಲೆಯ ಕಣ್ಣು ೩೦ ಮಿಲಿಮೀಟರಿಗೆ ಕಡಮೆಯಿರಬಾರದು, ಕಿಲೋ ಒಂದಕ್ಕೆ ೧೪೦೦ಕ್ಕಿಂತ ಹೆಚ್ಚು ತುಂಡು ತೂಗುವ ಎಳೆಯ ಮಾಂಸವನ್ನು ಪರದೇಶಕ್ಕೆ ಕಳುಹಿಸಬಾರದು ಎಂಬ ಕಟ್ಟಳೆಗಳು ಬಂದವು. ಕಟ್ಟಳೆಗಳನ್ನು ನೋಡಿಕೊಳ್ಳುವ ಸಮಿತಿಯಲ್ಲಿ ವಿಜ್ಞಾನಿಗಳೊಡನೆಯೂ ಅಧಿಕಾರಿಗಳೊಡನೆಯೂ ಚಿಪ್ಪು ಎತ್ತುವವರ ಪ್ರತಿನಿಧಿಗಳು ಕುಳಿತರು. ೨೦೧೪ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲಿನ ಪ್ರಮಾಣಪತ್ರವು ಭಾರತದಲ್ಲಿ ಮೊದಲಾಗಿ ದೊರೆತುದು ಈ ಹಿನ್ನೀರಿಗೆ. ತಿಂಗಳ ನಿಯಮವೊಂದೇ ವ್ಯರ್ಥವೆಂದ ಹಕ್ಸ್‌ಲಿಯ ಮಾತೂ ಇಲ್ಲಿ ಸರಿ, ಮಿತಿಯಿಲ್ಲದೆ ಉಳಿವಿಲ್ಲವೆಂದ ಮೋಬಿಯಸನ ಮಾತೂ ಸರಿ. ಇಬ್ಬರೂ ಹೇಳದೆ ಬಿಟ್ಟುದು ಎತ್ತುವವನ ಕೈಯನ್ನೇ ಕಾಯುವ ಕೈಯನ್ನಾಗಿ ಮಾಡುವ ಉಪಾಯ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ವೇಳೆ ಕೆಸರಿನಲ್ಲಿ ಚಿಪ್ಪುಗಳನ್ನು ಆಯ್ದು ಬಾಳುವ ಹೆಂಗಸರೂ ಗಂಡಸರೂ ಬಹಳ ಮಂದಿ. ೨೦೨೪ರಲ್ಲಿ ಆ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವುದು ನೆಲೆಗೆ ಬಂದ ಗೌರವ. ಆ ನೆಲೆಯ ಒಕ್ಕಲಿನಲ್ಲಿ ಆಯುವವರನ್ನು ಎಣಿಸುವುದೋ ಇಲ್ಲವೋ ಎಂಬುದು ಅಲ್ಲಿಯೂ ಕೇಳಬೇಕಾದ ಪ್ರಶ್ನೆ.

ಒಟ್ಟಿನಲ್ಲಿ, ಮೋಬಿಯಸನ ಗ್ರಂಥವು ಶಾಸ್ತ್ರದ ಇತಿಹಾಸದಲ್ಲಿ ಒಂದು ಶಬ್ದದ ಮೂಲವೆಂದು ಮಾತ್ರ ಉಳಿಯತಕ್ಕದ್ದಲ್ಲ. ಲೆಕ್ಕದಿಂದ ಹೊರಟು ರೂಪಕಕ್ಕೆ ಬಂದು, ರೂಪಕದಿಂದ ನೀತಿಗೆ ಇಳಿಯುವ ಅದರ ನಡೆಯು ಗದ್ಯವನ್ನು ಕಲಿಸುವವರೂ ಕಲಿಯುವವರೂ ಗಮನಿಸತಕ್ಕದ್ದು. ರೂಪಕವು ಮಾತಿನ ಸೊಬಗಿಗಾಗಿ ಬಂದುದೋ ಅರ್ಥದ ಅಗತ್ಯದಿಂದ ಬಂದುದೋ ಎಂದು ನಿರ್ಣಯಿಸುವುದು ವಿಮರ್ಶೆಯ ಹಳೆಯ ಕೆಲಸ. ಈ ಗ್ರಂಥದಲ್ಲಿ ಅದು ಅಗತ್ಯದಿಂದಲೇ ಬಂದಿದೆ. ತನ್ನ ಅಗತ್ಯದಷ್ಟು ದೂರ ಹೋಗದೆ ನಿಂತುದೊಂದೇ ಅದರ ದೋಷ. ಕನ್ನಡಕ್ಕೆ ಇದನ್ನು ತರುವವರು ‘ಒಕ್ಕಲು’ ಎಂಬ ಮಾತನ್ನು ಬಳಸಿದರೆ ಆ ದೋಷವು ಅನುವಾದದಲ್ಲಿ ತಾನಾಗಿಯೇ ಎದ್ದು ಕಾಣುವುದು. ಏಕೆಂದರೆ ಕನ್ನಡದಲ್ಲಿ ಒಕ್ಕಲೆಂದ ಮೇಲೆ ಅಲ್ಲಿ ಗೇಯುವವರನ್ನು ಬಿಟ್ಟು ಮಾತನಾಡುವುದು ಸಾಧ್ಯವಿಲ್ಲ.